ಬೆಟ್ಟಕ್ಕೆ ಹೋದ ರಗ್ಗುಗಳು

ಕೈಲಾಂಚದ ಅಂಬುಜಮ್ಮನ ರೇಷ್ಮೆ ಹುಳದ ಮನೆಯಲ್ಲಿ ಅವತ್ತು ಬೆಳಿಗ್ಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಹುಳು ಮೂರನೇ ಜ್ವರ ಎದ್ದು, ಪೊರೆ ಕಳಚಿ ಹಸಿದಿದ್ದವು. ಸೊಪ್ಪು ಹಾಕಿದಷ್ಟೂ ಸಾಲದು. ಅಂಬುಜಮ್ಮ ಒಂದು ತುದಿಯಿಂದ ಹಿಪ್ಪುನೇರಳೆ ಕಡ್ಡಿ ಹರಡಿಕೊಂಡು ಬರುತ್ತಿದ್ದಳು, ಇನ್ನೊಂದು ತುದಿಯಿಂದ ಧನಸರಾ. ಧನಸರಾಳ ಕೂಸು ಮೂಲೆಯಲ್ಲಿ ಸೀರೆಯ ತೊಟ್ಟಿಲಲ್ಲಿ ಮಲಗಿತ್ತು.

ಧನಸರಾ ನೇಪಾಳದ ಹೆಣ್ಣು. ಗಂಡ ಪದಮ್ ಜೊತೆ ಬಂದು ಮೊದಲು ಕನಕಪುರ ರಸ್ತೆಯ ಕೋಳಿ ಫಾರಂನಲ್ಲಿದ್ದಳು. ಅಲ್ಲಿ ಕೆಲಸ ನಿಂತ ಮೇಲೆ ಯಾರೋ ಹೇಳಿ ಕಳಿಸಿ, ಅಂಬುಜಮ್ಮನ ಗಂಡ ಚೆಲುವಯ್ಯ ಇಬ್ಬರನ್ನೂ ಕರೆದುಕೊಂಡು ಬಂದು ಹುಳದ ಮನೆಯ ಪಕ್ಕದ ಕೋಣೆ ಕೊಟ್ಟಿದ್ದ. ಅದಾಗಿ ಐದು ವರ್ಷವೇ ಆಗಿತ್ತು. ಕೂಸು ಹುಟ್ಟಿದ್ದು ರಾಮನಗರದ ಆಸ್ಪತ್ರೆಯಲ್ಲಿ. ಹೆರಿಗೆ ಹೊತ್ತಿನಲ್ಲಿ ಧನಸರಾಳ ಕೈ ಹಿಡಿದುಕೊಂಡಿದ್ದವಳು ಅಂಬುಜಮ್ಮನೇ.

ದೊಡ್ಡ ಮಗಳೊಬ್ಬಳು ಊರಲ್ಲಿ, ಪದಮ್‌ನ ತಾಯಿಯ ಹತ್ತಿರ ಇದ್ದಳು. ಎಂಟು ವರ್ಷದವಳು, ಹೆಸರು ಪವಿತ್ರಾ. ಅಂಬುಜಮ್ಮ ಅವಳನ್ನು ನೋಡಿದ್ದು ಫೋನಿನಲ್ಲಿ ಮಾತ್ರ. ಮೊದಲ ಸಲ ಹೆಸರು ಕೇಳಿದಾಗ "ಅಯ್ಯೋ, ನಮ್ ಕಡೆ ಹೆಸ್ರೇ ಅಲ್ವಾ ಇದು!" ಅಂದಿದ್ದಳು. ಮಗಳಿಗೆ ಧನಸರಾ ಫೋನಿನಲ್ಲೇ ಒಂದು ಕನ್ನಡದ ಮಾತು ಕಲಿಸಿದ್ದಳು. ವಾರಕ್ಕೊಮ್ಮೆ ಸಿಗ್ನಲ್ ಸಿಕ್ಕಿದಾಗ ಆ ಹುಡುಗಿ, ಕೆಂಪು ಕೆನ್ನೆ ಫೋನಿಗೆ ಒತ್ತಿಕೊಂಡು, "ಅಜ್ಜೀ, ಊಟ ಆಯ್ತಾ?" ಎಂದು ಕೂಗುತ್ತಿತ್ತು. ಉತ್ತರ ಏನೇ ಬರಲಿ, ಬಿದ್ದು ಬಿದ್ದು ನಗುತ್ತಿತ್ತು. ಮುಂದಿನ ವರ್ಷ ಕರೆದುಕೊಂಡು ಬಂದು ಕೈಲಾಂಚದ ಶಾಲೆಗೆ ಸೇರಿಸುವುದು ಎಂದು ಮಾತಾಗಿತ್ತು.

ಸೊಪ್ಪು ಹಾಕುತ್ತಿದ್ದ ಧನಸರಾಳ ಫೋನು ಹೊಡೆದುಕೊಂಡಿತು. ಅವಳು ತನ್ನ ಭಾಷೆಯಲ್ಲಿ ಏನೋ ಕೇಳಿದಳು, ಮತ್ತೆ ಕೇಳಿದಳು. ಕೈಯಲ್ಲಿದ್ದ ಕಡ್ಡಿಗಳು ಅಲ್ಲೇ ಬಿದ್ದವು.

"ಏನಾಯ್ತವ್ವ?"

"ಅಮ್ಮಾ, ಊರಲ್ಲಿ ಭೂಮಿ ಅಲ್ಲಾಡ್ತಂತೆ. ರಾತ್ರಿ. ಎಲ್ಲ ಮಲ್ಗಿದ್ರಂತೆ."

ಮಾತಾಡಿದ್ದು ಬೆಂಗಳೂರಿನ ಹೋಟೆಲಿನಲ್ಲಿ ಕೆಲಸಕ್ಕಿದ್ದ ಪದಮ್‌ನ ದಾಯಾದಿ. ಅವನಿಗೂ ಹೆಚ್ಚೇನೂ ಗೊತ್ತಿರಲಿಲ್ಲ. ತೋಟದಿಂದ ಸೊಪ್ಪಿನ ಹೊರೆ ತಂದ ಪದಮ್ ಗಾಡಿ ನಿಲ್ಲಿಸಿದವನೇ, ಊರಿನ ಒಂದೊಂದೇ ನಂಬರಿಗೆ ಮಾಡುತ್ತ ಹೋದ. ಒಂದೂ ಹೋಗಲಿಲ್ಲ. ಚೆಲುವಯ್ಯ ಮನೆಯೊಳಗೆ ಟೀವಿ ಹಾಕಿದ. ಹಸಿರು ಬೆಟ್ಟದ ಮೈಮೇಲೆ ಕಲ್ಲುಮಣ್ಣಿನ ಗುಪ್ಪೆಗಳು, ಅವುಗಳ ಮೇಲೆ ಕೈಯಿಂದಲೇ ಕೆದಕುತ್ತಿರುವ ಜನ. ಪದಮ್ ಹೊಸ್ತಿಲಲ್ಲೇ ನಿಂತು ನೋಡಿದ. "ನಮ್ದು ಇದಲ್ಲ. ನಮ್ದು ಇನ್ನೂ ಮೇಲೆ," ಅಂದ.

"ಹೊರಡ್ಲಾ," ಅಂದ ಚೆಲುವಯ್ಯ. "ಬಟ್ಟೆಗಿಟ್ಟೆ ಆಮೇಲೆ. ಮೊದ್ಲು ಹೊರಡು. ನಾನು ಸ್ಟೇಷನ್‌ಗೆ ಬುಟ್ಬತ್ತೀನಿ."

ಪದಮ್ ಹೋದ. ಕೂಸಿಗೆ ಜ್ವರವಿದ್ದುದರಿಂದ ಧನಸರಾ ಉಳಿದಳು.

ಆಮೇಲಿನ ದಿನಗಳಲ್ಲಿ ಅವಳು ಸೊಪ್ಪು ಹಾಕಿದಳು, ಹುಳದ ಕಸ ತೆಗೆದಳು, ಕೂಸಿಗೆ ಹಾಲೂಡಿಸಿದಳು, ಆದರೆ ಬಾಯಿಗೆ ಏನೂ ಇಡಲಿಲ್ಲ. ಅಂಬುಜಮ್ಮ ಗದರಿಕೊಂಡು ಕೂಡಿಸಿ ಒಂದು ತುತ್ತು ಮುದ್ದೆ ನುಂಗಿಸಿದರೆ ಅಷ್ಟೇ. ಮುದ್ದೆ ಅಂದರೆ ಅವಳಿಗೆ ಪ್ರಾಣ. ಅವರ ಬೆಟ್ಟದಲ್ಲೂ ರಾಗಿ ಬೆಳೆಯುತ್ತಾರೆ, ಅದೇ ಹಿಟ್ಟನ್ನು ಹೀಗೇ ತೊಳಸಿ ತಿನ್ನುತ್ತಾರೆ. ಈ ಮನೆಗೆ ಬಂದ ಮೊದಲ ದಿನ ತಟ್ಟೆಯಲ್ಲಿ ಮುದ್ದೆ ಕಂಡು ಗಂಡ ಹೆಂಡತಿ ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕಿದ್ದರು.

ಹುಳು ನಾಲ್ಕನೇ ಜ್ವರಕ್ಕೆ ಮಲಗಿದ್ದ ದಿನ ಪದಮ್ ಫೋನು ಮಾಡಿದ. ಗಾಳಿಯ ಸದ್ದಿನಲ್ಲಿ ಅವನ ದನಿ ಬಂದು ಬಂದು ಹೋಗುತ್ತಿತ್ತು. ಧನಸರಾ ಗೋಡೆಗೆ ಒರಗಿ ಕೇಳುತ್ತ ಕೇಳುತ್ತ ಕುಸಿದು ಕೂತಳು. ಅಂಬುಜಮ್ಮ ಓಡಿ ಬಂದು ಅವಳ ಭುಜ ಹಿಡಿದಳು. ಆದರೆ ಧನಸರಾ ಅಳುತ್ತಲೇ ತಲೆಯಾಡಿಸಿದಳು, ಇಲ್ಲ ಇಲ್ಲ ಎಂಬಂತೆ.

"ಅವಳು ಅವ್ಳೆ ಅಮ್ಮಾ! ಪವಿತ್ರಾ ಅವ್ಳೆ! ಅತ್ತೆ ಹೋಗ್ಬಿಟ್ರು. ಅವಳು ಅವ್ಳೆ."

ಮನೆ ಪೂರ್ತಿ ಬಿದ್ದಿತ್ತು. ಅಜ್ಜಿ ಗೋಡೆಯ ಕಡೆ ಮಲಗಿದ್ದಳು, ಹುಡುಗಿ ಕಾಳಿನ ಮರದ ಪೆಟ್ಟಿಗೆಯ ಪಕ್ಕ. ತೊಲೆ ಪೆಟ್ಟಿಗೆಯ ಮೇಲೆ ಅಡ್ಡಬಿದ್ದು ನಿಂತಿತ್ತು, ಕೆಳಗೆ ಹುಡುಗಿ ಉಸಿರಾಡಿಕೊಂಡಿದ್ದಳು. ಬೆಳಕು ಹರಿದ ಮೇಲೆ ಅಕ್ಕಪಕ್ಕದವರು ಎಳೆದು ತೆಗೆದರಂತೆ. ಮೈಮೇಲೆ ಒಂದು ಗೀರೂ ಇಲ್ಲ. ಅಂಬುಜಮ್ಮ ಫೋನು ಕಿತ್ತುಕೊಂಡಳು.

"ಅಜ್ಜೀ, ಊಟ ಆಯ್ತಾ?"

ಈ ಸಲ ನಗು ಬರಲಿಲ್ಲ, ಕೆಮ್ಮು ಬಂತು. ಅಂಬುಜಮ್ಮನಿಗೆ ಕಣ್ಣು ತುಂಬಿತು. "ಆಯ್ತು ನನ್ ಕಂದಾ, ಆಯ್ತು," ಅಂದಳು. ಪದಮ್ ಮತ್ತೆ ಫೋನಿಗೆ ಬಂದಾಗ, "ಮಗೀಗೆ ಕೆಮ್ಮು ಐತೆ ಕಣೋ, ಒಸಿ ಬಿಸಿನೀರು ಕುಡಿಸ್ತಾ ಇರು," ಅಂದಳು.

"ಬಿಸಿನೀರು ಐತೆ ಅಮ್ಮ. ಹೊದ್ಕೊಳೋಕೆ ಇಲ್ಲ. ಎಲ್ಲ ಮಣ್ಣೊಳಗೆ ಹೋಯ್ತು. ಇಡೀ ಊರು ಗದ್ದೇಲಿ ಪ್ಲಾಸ್ಟಿಕ್ ಕಟ್ಕೊಂಡು ಮಲಗ್ತಾ ಐತೆ. ಬೆಳಿಗ್ಗೆ ಪ್ಲಾಸ್ಟಿಕ್ ಮೇಲೆ ಐಸ್ ಇರ್ತೈತೆ."

"ಸರ್ಕಾರದೋರು ಬಂದಿಲ್ವಾ?"

"ಕೆಳಗಿನ ಊರಿಗೆ ಹೆಲಿಕಾಪ್ಟರ್ ಬಂತು. ನಮ್ ಕಡೆ ದಾರಿ ಕುಸಿದೈತೆ. ಮಗೂನ ಎತ್ಕೊಂಡು ಬಂದ್ಬುಡೋಣ ಅಂದ್ರೆ ನಮ್ಮವ್ವನ ಕರ್ಮ ಮುಗಿಯೋಗಂಟ ಕದಲೋ ಹಂಗಿಲ್ಲ. ರಗ್ಗು ಕಳ್ಸಿ ಅಮ್ಮ. ಏನಿಲ್ದಿದ್ರೂ ರಗ್ಗು ಕಳ್ಸಿ."

ಆ ಸಲದ ಗೂಡು ಚೆನ್ನಾಗಿ ಬಂತು. ಚೆಲುವಯ್ಯ ರಾಮನಗರದ ಗೂಡಿನ ಮಾರುಕಟ್ಟೆಗೆ ಹೊರಟಾಗ ಅಂಬುಜಮ್ಮ ತಾನೂ ಬರುತ್ತೇನೆಂದು ಆಟೋ ಹತ್ತಿದಳು. ಅವರ ಗೂಡನ್ನು ಹರಾಜಿನಲ್ಲಿ ಹೆಚ್ಚಾಗಿ ಕೊಳ್ಳುತ್ತಿದ್ದವರು ಇದ್ರೀಸ್ ಸಾಬರು, ನೂಲು ತೆಗೆಯುವ ಘಟಕ ಇಟ್ಟುಕೊಂಡವರು, ನರೆತ ಗಡ್ಡದ ನಿಧಾನದ ಮನುಷ್ಯ. ಸಾಬರು ಒಂದು ಹಿಡಿ ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದಾಗ ಅಂಬುಜಮ್ಮ ಎದುರು ಬಂದು ನಿಂತಳು.

"ಸಾಬ್ರೇ, ಗೂಡು ಆಮೇಲೆ ನೋಡೀರಂತೆ. ಒಂದ್ ಮಾತು ಕೇಳಿ."

ಅವಳು ಹೇಳಿದ್ದನ್ನೆಲ್ಲ ಕೇಳಿ ಸಾಬರು ಕೈಯಲ್ಲಿದ್ದ ಗೂಡನ್ನು ಮೆಲ್ಲಗೆ ವಾಪಸ್ ಇಟ್ಟರು. "ಎಷ್ಟು ಮನೆ ಇದಾವಮ್ಮ ಆ ಊರಲ್ಲಿ?"

"ಈಗ ಒಂದೂ ಇಲ್ವಂತೆ."

ಸಾಬರು, "ನಾಳೆ ಜುಮ್ಮಾ. ನಮಾಜ್ ಆದ್ಮೇಲೆ ನಮ್ಮವರಿಗೆಲ್ಲ ಹೇಳ್ತೀನಿ. ಆದ್ರೆ ಹಳೇದು ಬೇಡಮ್ಮ. ಚಳೀಲಿ ಸಾಯ್ತಿರೋರ್ಗೆ ಹರಕಲು ಕೊಟ್ರೆ ನಮಗೂ ಮರ್ಯಾದೆ ಅಲ್ಲ," ಅಂದರು.

ಹಾಗೆ ಶುರುವಾಯಿತು. ಸಾಬರ ಹೆಂಡತಿ ಹಫೀಜಾ ನಾಲ್ವರು ಹೆಂಗಸರನ್ನು ಕಟ್ಟಿಕೊಂಡು ರಾಮನಗರದ ಗಲ್ಲಿ ಗಲ್ಲಿ ತಿರುಗಿದರು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಆಫ್ತಾಬ್ ಅನ್ನುವವನು, ಹಫೀಜಾರ ತಮ್ಮ, ಅಲ್ಲಿಂದ ದಪ್ಪ ಟಾರ್ಪಾಲುಗಳನ್ನು ಸೇರಿಸಿ ಕಳಿಸಿದ. ಕೈಲಾಂಚದಲ್ಲಿ ಅಂಬುಜಮ್ಮ ಮನೆಮನೆಗೂ ಹೋದಳು. ಜನ ಕೊಟ್ಟರು, ಆದರೆ ಏನೇನೋ ಕೊಟ್ಟರು. ಹುಳದ ಮನೆಯಲ್ಲಿ ರಾಶಿ ಹಾಕಿ ಬಿಡಿಸಿ ನೋಡಿದರೆ ಮಾಸಿದ ಸೀರೆ, ಗುಂಡಿ ಕಿತ್ತ ಯೂನಿಫಾರಂ, ಮದುವೆಯ ಕೋಟು, ಯಾರದೋ ಎತ್ತರದ ಹಿಮ್ಮಡಿಯ ಒಂಟಿ ಚಪ್ಪಲಿ. "ಮನೆ ಗುಡಿಸಿ ಕಸ ಕೊಟ್ಟವ್ರೆ," ಎಂದು ಅಂಬುಜಮ್ಮ ಸಿಡಿಮಿಡಿಗೊಂಡಳು. ಆಮೇಲೆ ಹಿರಿಯ ಬಸವಯ್ಯ ತನ್ನ ಗಾಡಿಯಲ್ಲಿ ರಾಗಿ ಮೂಟೆ ತಂದಿಳಿಸಿ, "ಆ ಹೆಣ್ಮಗಳು ಮುದ್ದೆ ಉಣ್ತಾಳೆ ಅಂದ್ರು, ಅದ್ಕೆ ತಂದೆ ಕಣವ್ವ," ಅಂದಾಗ ಅವಳ ಸಿಟ್ಟು ಇಳಿಯಿತು. ಅವನನ್ನು ನೋಡಿ ಮಿಕ್ಕವರೂ ತಂದರು. ಎಲ್ಲವನ್ನೂ ಮಿಲ್ಲಿಗೆ ಹಾಕಿಸಿ ಹಿಟ್ಟು ಮಾಡಿಸಿದ್ದಾಯಿತು.

ಲಾರಿ ಅಂಬುಜಮ್ಮನ ತಮ್ಮ ಸ್ವಾಮಿಯದು. ಉತ್ತರದ ಕಡೆ ತೆಂಗಿನಕಾಯಿ ಲೋಡು ಹೊಡೆದು ರೂಢಿ ಇದ್ದವನು. ಸಾಬರ ಮಗ ಅಜರ್ ಜೊತೆಗೆ ಹೊರಟ, ಅವನಿಗೆ ಉರ್ದು, ಹಿಂದಿ ಬರುತ್ತಿತ್ತು. ಹೊರಡುವ ಹಿಂದಿನ ಸಂಜೆ ಧನಸರಾ ಕೂಸನ್ನು ಎದೆಗೆ ಕಟ್ಟಿಕೊಂಡು, ಬಟ್ಟೆಯ ಗಂಟು ಹಿಡಿದು ಲಾರಿಯ ಹತ್ತಿರ ಬಂದು ನಿಂತಳು.

"ನಾನೂ ಹೋಗ್ತೀನಿ. ಪದಮ್‌ಗೆ ಹೇಳ್ಬೇಡಿ, ಬೇಡ ಅಂತಾರೆ."

"ಹಸುಗೂಸು ಕಟ್ಕೊಂಡು ಗಂಡಸ್ರ ಜೊತೆ ಅಷ್ಟು ದೂರ ಒಬ್ಳೇ ಹೆಂಗವ್ವಾ?" ಅಂದ ಸ್ವಾಮಿ.

ಅವಳು ಕದಲಲಿಲ್ಲ. ಅಂಬುಜಮ್ಮ ಗಂಡನ ಮುಖ ನೋಡಿದಳು. ಧರ್ಮಸ್ಥಳ, ತಿರುಪತಿ ಬಿಟ್ಟರೆ ಅವಳು ಎಲ್ಲೂ ಹೋದವಳಲ್ಲ. ಚೆಲುವಯ್ಯ ತಲೆ ಕೆರೆದುಕೊಂಡ. "ಒಂದು ಬೆಳೆ ಬಿಟ್ರೆ ಏನೂ ಗಂಟೋಗಲ್ಲ. ನನ್ ಊಟ ನಾನು ನೋಡ್ಕೋತೀನಿ. ನೀನೂ ಹೋಗ್ಬುಟ್ಟು ಬಾ. ಆ ಮಗೀನ ಕರ್ಕೊಂಡೇ ಬಂದ್ಬುಡಿ."

ಲಾರಿ ಹೈದರಾಬಾದು ದಾಟಿತು, ನಾಗಪುರ ದಾಟಿತು. ಬಯಲು ಮುಗಿಯುವುದೇ ಇಲ್ಲ ಅನ್ನಿಸಿತು ಅಂಬುಜಮ್ಮನಿಗೆ. ಕ್ಯಾಬಿನ್ನಿನಲ್ಲಿ ಸೀಟಿನ ಹಿಂದೆ ಹಾಸಿಕೊಂಡ ಜಾಗದಲ್ಲಿ ಇಬ್ಬರೂ ಕೂಸನ್ನು ಕೈ ಬದಲಾಯಿಸಿಕೊಂಡು ಮಲಗಿದರು. ಧನಸರಾ ಈಗ ಊಟ ಮಾಡುತ್ತಿದ್ದಳು. ದಾರಿಯುದ್ದಕ್ಕೂ ಮಗಳ ಮಾತು: ಅವಳಿಗೆ ಮೇಕೆ ಅಂದರೆ ಇಷ್ಟ, ತಲೆ ಬಾಚಿಸಿಕೊಳ್ಳುವಾಗ ಅಳುತ್ತಾಳೆ, ಬಿಟ್ಟು ಬಂದಾಗ ಅವಳಿಗೆ ಎರಡೂವರೆ ವರ್ಷ, ಈಗ ತನ್ನನ್ನು ಕಂಡರೆ ಹತ್ತಿರ ಬರುತ್ತಾಳೋ ಇಲ್ಲವೋ.

"ಬರ್ದೆ ಏನು? ತಾಯಿ ವಾಸನೆ ಮರ್ತೋಯ್ತದಾ?" ಅಂದಳು ಅಂಬುಜಮ್ಮ.

ಗಡಿಯಲ್ಲಿ ಲಾರಿ ನಿಂತಿತು. ಅವರಂತೆ ಬಂದ ಲಾರಿಗಳು, ಟೆಂಪೋಗಳು ಸಾಲಾಗಿ ನಿಂತಿದ್ದವು. ಯಾರು ಬೇಕಾದರೂ ಹೋಗಿ ಹಂಚುವ ಹಾಗಿಲ್ಲ, ಪರಿಹಾರದ ಸಾಮಾನು ಒಂದೇ ಕಚೇರಿಯ ಮೂಲಕ ಹೋಗಬೇಕು ಎಂಬ ನಿಯಮ ಬಂದಿತ್ತು. ಅಜರ್ ಬೆಳಿಗ್ಗೆ ಹೋಗಿ ಮೇಜಿನ ಮುಂದೆ ನಿಂತರೆ ಸಂಜೆಗೆ ವಾಪಸ್ಸು. ಅಲ್ಲಿದ್ದ ಅಧಿಕಾರಿ ಒರಟನಲ್ಲ. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದ ಮನುಷ್ಯ ಪ್ರತಿ ಸಲವೂ ಕೂರಿಸಿ, ಚಹಾ ತರಿಸಿ, ನಿಮ್ಮ ಸರದಿ ಬರಲಿ ಅನ್ನುತ್ತಿದ್ದ.

"ಅಮ್ಮಾ, ಅವರದೂ ತಪ್ಪಿಲ್ಲ," ಅಂದ ಅಜರ್. "ಎಲ್ಲರೂ ರೋಡಿನ ಪಕ್ಕದ ಊರಿಗೇ ಕೊಟ್ಟು ಫೋಟೋ ತೆಗೆಸ್ಕೊಂಡು ಹೋಗ್ತಾರಂತೆ. ಮೇಲಿನವ್ರಿಗೆ ಏನೂ ಸಿಗಲ್ವಂತೆ. ಅದಕ್ಕೇ ಹಿಂಗ್ ಮಾಡವ್ರೆ."

ಪದಮ್‌ಗೆ ಫೋನು ಹೋಗುತ್ತಿರಲಿಲ್ಲ. ಧನಸರಾ ಲಾರಿಯ ನೆರಳಿನಲ್ಲಿ ಉತ್ತರಕ್ಕೆ ಮುಖ ಮಾಡಿ ಕೂತಿರುತ್ತಿದ್ದಳು. ಆ ಕಡೆ ಬೆಟ್ಟ ಇದೆ ಅನ್ನುವುದೇ ಕಾಣದಂತೆ ಮಂಜು ಕವಿದಿತ್ತು. ಸ್ವಾಮಿ ಸ್ಟೌ ಹಚ್ಚಿ ಅನ್ನ ಮಾಡುವನು. ನಾಲ್ವರೂ ತಿಂದು, ಕೈ ತೊಳೆದು, ಮತ್ತೆ ಕಾಯುವರು. ಗುರುವಾರ ಮಧ್ಯಾಹ್ನ ಅಪ್ಪಣೆ ಸಿಕ್ಕಿತು. ಸಾಮಾನು ಇಂಥದೇ ಊರಿಗೆ ಎಂದು ಬರೆಸಿಕೊಂಡು, ಆ ಊರಿನವಳೇ ಜೊತೆಗಿದ್ದಾಳೆಂದು ಧನಸರಾಳನ್ನು ನೋಡಿ ಬಿಟ್ಟರು. ಸ್ವಾಮಿ ಲಾರಿಯ ಹತ್ತಿರ ಉಳಿದ. ರಗ್ಗು, ಟಾರ್ಪಾಲು, ಹಿಟ್ಟು ಎಲ್ಲ ಅಲ್ಲಿನ ಟ್ರ್ಯಾಕ್ಟರುಗಳಿಗೆ ಏರಿತು. ಮಾರನೆಯ ದಿನ ಬೆಟ್ಟ ಹತ್ತುವಾಗ ಒಂದೆಡೆ ಪ್ರಪಾತ, ಒಂದೆಡೆ ಹಸಿ ಗಾಯದಂತೆ ಬಿರಿದ ಬೆಟ್ಟ. ಅಂಬುಜಮ್ಮ ಕಣ್ಣು ಮುಚ್ಚಿಕೊಂಡು ಮನೆದೇವರನ್ನು ನೆನೆದಳು.

ದಾರಿ ಒಂದು ಕಡೆ ಪೂರಾ ಕುಸಿದುಹೋಗಿತ್ತು. ಸುದ್ದಿ ಮೊದಲೇ ಹೋಗಿತ್ತೇನೋ, ಮೇಲಿನ ಊರಿನ ಜನ ಹೊರೆ ಹೊರಲು ಇಳಿದು ಬಂದು ಕಾಯುತ್ತಿದ್ದರು. ಹಣೆಗೆ ಪಟ್ಟಿ ಕಟ್ಟಿ, ಬೆನ್ನ ಮೇಲೆ ಮೂಟೆ ಹೊರುವುದು ಅವರ ಪದ್ಧತಿ. ಆ ಗುಂಪಿನಲ್ಲಿ ಪದಮ್ ಇದ್ದ. ಅಂಬುಜಮ್ಮನಿಗೆ ತಕ್ಷಣ ಗುರುತು ಸಿಗಲಿಲ್ಲ, ಅಷ್ಟು ಇಳಿದುಹೋಗಿದ್ದ.

ಅವನು ಧನಸರಾಳನ್ನು ನೋಡಿದ. ಅವಳ ಎದೆಗೆ ಕಟ್ಟಿದ್ದ ಕೂಸನ್ನು ನೋಡಿದ. ಅವಳು ಏನೋ ಕೇಳಿದಳು. ಅವಳ ಮಾತಿನಲ್ಲಿ ಅಂಬುಜಮ್ಮನಿಗೆ ಗೊತ್ತಾದದ್ದು 'ಪವಿತ್ರಾ' ಅನ್ನುವ ಹೆಸರೊಂದೇ. ಪದಮ್ ನೆಲ ನೋಡಿಕೊಂಡು ಎರಡೇ ಮಾತು ಹೇಳಿದ. ಧನಸರಾ ನಿಂತಲ್ಲೇ ಕೂತಳು. ಕಿರುಚಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಕೂಸಿನ ತಲೆಯ ಮೇಲಿನ ಟೊಪ್ಪಿಯನ್ನು ಸರಿಮಾಡಿದಳು, ಮತ್ತೆ ಸರಿಮಾಡಿದಳು.

"ಏನಂತೆ ಅಜರ್? ಏನಂದ?"

ಅಜರ್ ಪಕ್ಕದಲ್ಲಿದ್ದ ಒಬ್ಬನನ್ನು ಮೆಲ್ಲಗೆ ವಿಚಾರಿಸಿದ. ಆಮೇಲೆ ಅಂಬುಜಮ್ಮನ ಕಡೆ ತಿರುಗಿದ, ಮುಖ ನೋಡಲಾರದೆ ಬೇರೆಲ್ಲೋ ನೋಡಿದ.

"ಬುಧವಾರ ಅಂತೆ ಅಮ್ಮಾ. ಎದೇಲಿ ಕಫ ಕಟ್ಕೊಂಡು... ಚಳಿಗೆ."

ಬುಧವಾರ. ಅವತ್ತು ಗಡಿಯಲ್ಲಿ ಬಿಸಿಲು ಚೆನ್ನಾಗಿತ್ತು. ಸ್ವಾಮಿ ಬದನೆಕಾಯಿ ಹುಳಿ ಮಾಡಿದ್ದ, ಚೆನ್ನಾಗಿದೆ ಎಂದು ತಾನು ಎರಡನೇ ಸಲ ಬಡಿಸಿಕೊಂಡಿದ್ದಳು. ಅಂಬುಜಮ್ಮ ಬಂಡೆಗೆ ಕೈಯಾನಿಸಿ ನಿಂತಳು.

ಪದಮ್ ಅವಳ ಹತ್ತಿರ ಬಂದು ನಿಂತ. ಅವಳಿಗೆ ಅರ್ಥವಾಗಲೆಂದೇ ಕನ್ನಡದಲ್ಲಿ, ಮಾತು ಹುಡುಕಿ ಹುಡುಕಿ ಹೇಳಿದ.

"ಭೂಮಿ ಅಲ್ಲಾಡ್ದಾಗ ಏನೂ ಆಗ್ಲಿಲ್ಲ ಅಮ್ಮ. ಮನೆ ಮೇಲೆ ಬಿದ್ರೂ ಆಗ್ಲಿಲ್ಲ. ಆಮೇಲೆ ಕೆಮ್ಮು ಜಾಸ್ತಿ ಆಯ್ತು. ಕೆಳಗೆ ಆಸ್ಪತ್ರೆ ಐತೆ ಅಂತ ಬೆನ್ನ ಮೇಲೆ ಹೊತ್ಕೊಂಡು ಹೊರಟೆ. ದಾರೀಲಿ ಮಾತಾಡ್ತಾ ಇದ್ಲು. ಅಮ್ಮ ಬತ್ತಾಳಾ, ತಮ್ಮ ಹೆಂಗವ್ನೆ ಅಂತ. ಆಮೇಲೆ ಮಾತಾಡ್ಲಿಲ್ಲ. ನಿದ್ದೆ ಬಂತು ಅಂದ್ಕೊಂಡೆ. ಎಬ್ಬಿಸ್ಬಾರ್ದು ಅಂತ ಮೆಲ್ಲಗೆ ನಡೆದೆ ಅಮ್ಮ. ಬಾಳ ಮೆಲ್ಲಗೆ ನಡೆದೆ."

ಅಂಬುಜಮ್ಮ ಅವನ ಎರಡೂ ಕೈ ಹಿಡಿದುಕೊಂಡಳು. ಅವನೇ ಕೈ ಬಿಡಿಸಿಕೊಂಡು, ಒಂದು ಮೂಟೆಯ ಪಟ್ಟಿಯನ್ನು ಹಣೆಗೆ ಏರಿಸಿದ. "ಹೊತ್ತು ಮುಳುಗೋಕ್ ಮುಂಚೆ ಹತ್ತಬೇಕು. ಮೇಲೆ ಇನ್ನೂ ಮಕ್ಕಳು ಅವ್ರೆ," ಅಂದ.

ಊರು ಎಂದು ಅವನು ತೋರಿಸಿದ ಜಾಗದಲ್ಲಿ ಕಲ್ಲಿನ ಗುಪ್ಪೆಗಳು ಮಾತ್ರ ಇದ್ದವು. ಮೆಟ್ಟಿಲು ಮೆಟ್ಟಿಲಾದ ಗದ್ದೆಗಳಲ್ಲಿ ಪ್ಲಾಸ್ಟಿಕ್ ಹಾಳೆ, ಗೋಣಿಚೀಲ, ಸೀರೆ ಸೇರಿಸಿ ಕಟ್ಟಿದ ಗೂಡುಗಳು. ಹೊಗೆ. ಒಂದು ಕಡೆ ಸತ್ತ ದನಗಳನ್ನು ಮಣ್ಣು ಮಾಡಿದ ವಾಸನೆ ಇನ್ನೂ ಹೋಗಿರಲಿಲ್ಲ. ಇವರನ್ನು ಕಂಡು ಯಾರೂ ಓಡಿ ಬರಲಿಲ್ಲ, ಮುಗಿಬೀಳಲಿಲ್ಲ. ಹೆಂಗಸರು ಮೊದಲು ಧನಸರಾಳನ್ನು ಸುತ್ತುವರಿದು ಅವಳ ತಲೆ ಸವರಿದರು. ಒಬ್ಬಳು ಅವಳ ಕೂಸನ್ನು ತೆಗೆದುಕೊಂಡು ತನ್ನ ಕುಪ್ಪಸದೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡಿದಳು.

ಮೂಟೆ ಬಿಚ್ಚುವಾಗ ಧನಸರಾ ಎದ್ದು ಬಂದಳು. "ನೀನು ಕೂತ್ಕೊಳವ್ವ, ನಾವು ಕೊಡ್ತೀವಿ," ಎಂದು ಅಂಬುಜಮ್ಮ ತಡೆದಳು.

"ನಂಗೆ ಇವ್ರೆಲ್ಲ ಗೊತ್ತು ಅಮ್ಮಾ. ಯಾರ ಮನೇಲಿ ಎಷ್ಟು ಮಕ್ಕಳು ಅಂತ ಗೊತ್ತು. ನಾನೇ ಕೊಡ್ತೀನಿ."

ಅಜರ್ ಒಂದೊಂದೇ ರಗ್ಗು ತೆಗೆದು ಕೊಟ್ಟ, ಅವಳು ಬಿಡಿಸಿ ಹೊದಿಸಿದಳು. ಕೆಲವರಿಗೆ ಕೊಡುವಾಗ ಹೆಸರು ಹಿಡಿದು ಕರೆದಳು. ಯಾರಾದರೂ ಬರದಿದ್ದರೆ, ಕೇಳಿದಳು. ಅವರು ಕೆಳಗೆ ಹೊಳೆಯ ಕಡೆ ಕೈ ತೋರಿಸಿದರೆ, ತಲೆಯಾಡಿಸಿ ಮುಂದಿನವರನ್ನು ಕರೆದಳು. ಪವಿತ್ರಾಳ ವಾರಗೆಯ ಹುಡುಗಿಯೊಬ್ಬಳು ಬಂದಳು. ಧನಸರಾ ಅವಳಿಗೆ ರಗ್ಗು ಸುತ್ತಿ, ಕತ್ತಿನ ಹತ್ತಿರ ಗಾಳಿ ಹೋಗದಂತೆ ಒಳಕ್ಕೆ ಸಿಕ್ಕಿಸಿದಳು. ಸಿಕ್ಕಿಸಿದ ಮೇಲೂ ಅವಳ ಕೈ ಅಲ್ಲೇ ಇತ್ತು. ಹುಡುಗಿ ಅಲ್ಲಾಡದೆ, ದೊಡ್ಡವರಂತೆ ತಾಳ್ಮೆಯಿಂದ ನಿಂತಿದ್ದಳು. ಅಂಬುಜಮ್ಮ ಬೇರೆ ಕಡೆ ತಿರುಗಿಕೊಂಡು ಹಿಟ್ಟಿನ ಚೀಲಕ್ಕೆ ಕೈ ಹಾಕಿದಳು. ದೊಡ್ಡ ಪಾತ್ರೆಯೊಂದು ಸಿಕ್ಕಿತು. ನೀರು ಕುದಿಸಿ ಹಿಟ್ಟು ಸುರಿದು ತೊಳಸತೊಡಗಿದಾಗ ಒಬ್ಬ ಮುದುಕಿ ಬಂದು, ಅವಳ ಕೈಯಿಂದ ಕೋಲು ತೆಗೆದುಕೊಂಡು ತಾನೇ ತೊಳಸಿದಳು. ರಾಗಿಯ ವಾಸನೆಗೆ ಜನ ಒಲೆಯ ಸುತ್ತ ಬಂದು ಕೂತರು.

ಮಾರನೆಯ ಬೆಳಿಗ್ಗೆ ಪದಮ್ ಇಬ್ಬರನ್ನೂ ಹೊಳೆಯ ದಂಡೆಗೆ ಕರೆದುಕೊಂಡು ಹೋದ. ಅಲ್ಲಿ ಹೊಸ ಮಣ್ಣಿನ ದಿಬ್ಬಗಳಿದ್ದವು. ಚಿಕ್ಕವು ಒಂದು ಕಡೆ. ಅವುಗಳಲ್ಲಿ ಒಂದರ ಮೇಲೆ ಮೂರು ಬಿಳಿ ಕಲ್ಲು ಇಟ್ಟಿದ್ದ. ಅಂಬುಜಮ್ಮ ಆ ಹುಡುಗಿಯನ್ನು ಕೊನೆಗೂ ಕಾಣಲಿಲ್ಲ.

"ನಮ್ ಕಡೆ ಹಾಲು ತುಪ್ಪ ಬಿಡ್ತೀವಿ," ಅಂದಳು, ಯಾರಿಗೆ ಹೇಳಿದಳೋ ತನಗೇ ತಿಳಿಯದೆ. "ಒಂದ್ ತೊಟ್ಟು ಹಾಲಾದ್ರೂ ಬಿಡಬೇಕಿತ್ತು."

ಆ ಊರಿನಲ್ಲಿ ಹಾಲು ಕೊಡುವ ದನ ಒಂದೂ ಉಳಿದಿರಲಿಲ್ಲ. ಧನಸರಾ ಪಕ್ಕಕ್ಕೆ ತಿರುಗಿ, ಸೆರಗಿನ ಮರೆಯಲ್ಲಿ ತನ್ನ ಹಾಲನ್ನೇ ಅಂಗೈಗೆ ಹಿಂಡಿಕೊಂಡು ಬಂದು ಮಣ್ಣಿನ ಮೇಲೆ ಬಿಟ್ಟಳು. ಹಾಲು ಇಂಗಿತು. ಆಗ ಅವಳು ಅತ್ತಳು. ದಿಬ್ಬದ ಮೇಲೆ ಕವುಚಿ ಬಿದ್ದು, ಉಗುರಿನಲ್ಲಿ ಮಣ್ಣು ಕಿತ್ತುಕೊಂಡು ಅತ್ತಳು. ಪದಮ್ ಹೊಳೆಯ ಕಡೆ ಮುಖ ಮಾಡಿ ನಿಂತಿದ್ದ, ಭುಜಗಳು ಮಾತ್ರ ಅಲುಗುತ್ತಿದ್ದವು. ಅಂಬುಜಮ್ಮ ಕೂಸನ್ನು ಅವಚಿಕೊಂಡು ಕೂತಳು. ಕೂಸು ಕೆಮ್ಮಿತು.

ಆ ಸಣ್ಣ ಕೆಮ್ಮಿಗೆ ಅಂಬುಜಮ್ಮ ಸೆರಗನ್ನು ಕೂಸಿನ ಸುತ್ತ ಇನ್ನೂ ಬಿಗಿಯಾಗಿ ಸುತ್ತಿದಳು. ಟಾರ್ಪಾಲಿನ ಕೆಳಗೆ ವಾಪಸ್ ಬಂದ ಮೇಲೆ ಅವಳು ತಡೆಯಲಾರದೆ ಹೇಳಿಬಿಟ್ಟಳು. "ಧನಸರಾ, ನನ್ ಜೊತೆ ಬಂದ್ಬುಡವ್ವ. ಇದೂ ಕೆಮ್ತಾ ಐತೆ."

"ಬರಲ್ಲ ಅಮ್ಮಾ."

"ಇಲ್ಲಿ ಇದ್ಕೇನಾರ ಆದ್ರೆ?"

"ಒಂದ್ಸಲ ಅವಳ್ನ ಬಿಟ್ಟು ಹೋದೆ. ಮತ್ತೆ ಬಿಡ್ಲಾ? ಅವಳೊಬ್ಳೇ ಅಲ್ಲಿ, ನೀರಿನ ಹತ್ರ. ರಾತ್ರಿ ಹೆದರ್ತಾಳೆ." ಮಗಳು ಸತ್ತಿದ್ದಾಳೆಂಬುದು ಗೊತ್ತಿಲ್ಲದವಳಂತೆ ಆ ಮಾತು ಹೇಳಿದಳು.

ಮಾತಾಡಿದವನು ಪದಮ್. ತನ್ನ ಭಾಷೆಯಲ್ಲಿ, ತಗ್ಗಿದ ದನಿಯಲ್ಲಿ, ಬಹಳ ಹೊತ್ತು ಮಾತಾಡಿದ. ಧನಸರಾ ತಲೆ ಅಡ್ಡಡ್ಡ ಆಡಿಸುತ್ತಲೇ ಇದ್ದಳು. ಕೊನೆಗೆ ಅವನು ಕೂಸಿನ ಎದೆಗೆ ಕಿವಿಯಿಟ್ಟು ಕೇಳಿ, ಅವಳನ್ನೂ ಬಗ್ಗಿಸಿ ಕೇಳಿಸಿದ. ಅವಳು ಹಾಗೇ ಕಿವಿಯಿಟ್ಟುಕೊಂಡು ಕೂತಳು. ಬಿಸಿಲು ಏರುವ ಹೊತ್ತಿಗೆ ಎದ್ದು ಗಂಟು ಕಟ್ಟಿದಳು.

ಪದಮ್ ಕುಸಿದ ದಾರಿಯವರೆಗೂ ಬಂದ. ಇನ್ನೂ ಮೇಲಿನ ಎರಡು ಹಳ್ಳಿಗಳಿಗೆ ಏನೂ ಹೋಗಿಲ್ಲ, ಉಳಿದ ಟಾರ್ಪಾಲು ಹೊತ್ತುಕೊಂಡು ನಾಳೆ ಅಲ್ಲಿಗೆ ಹೋಗುತ್ತೇನೆ ಅಂದ. "ಚೆಲುವಯ್ಯನೋರ್ಗೆ ಹೇಳಿ ಅಮ್ಮ, ಮುಂದಿನ ಬೆಳೆಗೆ ಬೇರೆ ಜನ ನೋಡ್ಕೊಳ್ಲಿ ಅಂತ." ಕೂಸಿನ ಕಾಲು ಹಿಡಿದು ಹಣೆಗೆ ಒತ್ತಿಕೊಂಡ. ಹೆಂಡತಿಯ ಕಡೆ ನೋಡಲಿಲ್ಲ, ಅವಳೂ ನೋಡಲಿಲ್ಲ. ನೋಡಿದ್ದರೆ ಅವಳು ಟ್ರ್ಯಾಕ್ಟರ್ ಹತ್ತುತ್ತಿರಲಿಲ್ಲ.

ಕೈಲಾಂಚಕ್ಕೆ ಬಂದ ಮೇಲೆ ಕೂಸಿನ ಕೆಮ್ಮು ವಾಸಿಯಾಯಿತು. ಒಂದು ಮಧ್ಯಾಹ್ನ ಇದ್ರೀಸ್ ಸಾಬರು ಹೆಂಡತಿಯ ಜೊತೆ ಬಂದರು. ಅಜರ್ ಮನೆಯಲ್ಲಿ ಏನೂ ಹೇಳಿಲ್ಲ, ಬಂದಾಗಿನಿಂದ ಮಂಕಾಗಿದ್ದಾನೆ ಅಂದರು. ಹಫೀಜಾ ಅಂಗಳದಲ್ಲಿ ಕೂತಿದ್ದ ಧನಸರಾಳನ್ನು ನೋಡಿ, ನಗುತ್ತ, "ನಿನ್ನ ಮಗಳಿಗೆ ನಾನು ಆರಿಸಿ ಇಟ್ಟಿದ್ದ ರಗ್ಗು ಸಿಕ್ತಾ ಬೇಟಾ?" ಎಂದು ಕೇಳಿದರು.

ಧನಸರಾ ಒಳಗೆ ಎದ್ದು ಹೋದಳು. ಅಂಬುಜಮ್ಮ ನಡೆದದ್ದನ್ನು ಹೇಳಿದಳು. ಹಫೀಜಾ ಬಾಯಿಗೆ ದುಪಟ್ಟಾ ಒತ್ತಿಕೊಂಡರು.

"ಬೇರೆ ಮಕ್ಕಳಿಗೆ ಸಿಕ್ತಲ್ಲಮ್ಮ..." ಎಂದು ಶುರುಮಾಡಿದ ಸಾಬರು ಅಷ್ಟಕ್ಕೇ ನಿಲ್ಲಿಸಿದರು.

"ಸಿಕ್ತು ಸಾಬ್ರೇ. ಎಲ್ಲಾ ಮಕ್ಕಳೂ ಹೊದ್ಕೊಂಡ್ರು. ಕಣ್ಣಾರೆ ನೋಡಿದೀನಿ," ಅಂದಳು ಅಂಬುಜಮ್ಮ. ಸುಳ್ಳಲ್ಲ, ಆದರೆ ಹೇಳಿ ಮುಗಿಸಿದ ಮೇಲೆ ಎದೆ ಹಗುರವಾಗಲಿಲ್ಲ. ಹಫೀಜಾ ಎದ್ದು ಒಳಗೆ ಹೋಗಿ ಧನಸರಾಳ ಪಕ್ಕ ಕೂತರು. ಅವರಿಬ್ಬರೂ ಏನು ಮಾತಾಡಿದರೋ, ಮಾತಾಡಲೇ ಇಲ್ಲವೋ, ಸಾಬರು ಸಂಜೆಯವರೆಗೂ ಅಂಗಳದಲ್ಲೇ ಕಾದರು.

ಧನಸರಾ ಮತ್ತೆ ಹುಳದ ಮನೆಯ ಕೆಲಸಕ್ಕೆ ಇಳಿದಳು. ಬೆಟ್ಟದಲ್ಲಿ ಚಳಿ ಇಳಿದ ಮೇಲೆ, ಯುಗಾದಿ ಕಳೆದು ಕೂಸಿನೊಂದಿಗೆ ಹೊರಡುವುದೆಂದು ಗಂಡ ಹೆಂಡತಿ ಫೋನಿನಲ್ಲಿ ಮಾತಾಡಿಕೊಂಡಿದ್ದರು. ಪದಮ್ ಕಲ್ಲು ಆಯ್ದು ಗೋಡೆ ಎಬ್ಬಿಸುತ್ತಿದ್ದ. ಹೋಗು ಎಂದು ಅಂಬುಜಮ್ಮ ಹೇಳಲಿಲ್ಲ, ಹೋಗಬೇಡ ಎಂದೂ ಹೇಳಲಿಲ್ಲ.

ಹೊರಡುವ ಮುಂಚೆ ಕೂಸಿಗೆ ಒಂದು ಚುಚ್ಚುಮದ್ದು ಬಾಕಿ ಇತ್ತು. ಇಬ್ಬರೂ ಆಸ್ಪತ್ರೆಗೆ ಹೋದರು. ಹೊಸದಾಗಿ ಬಂದಿದ್ದ ನರ್ಸಮ್ಮ ಕೂಸನ್ನು ತೂಗಿ, ಕೆನ್ನೆ ಚಿವುಟಿ, ಸಿರಿಂಜು ತಯಾರು ಮಾಡುತ್ತ ಮಾತಿಗೆ ಕೇಳಿದಳು.

"ಇದೊಂದೇನಾ ಮಗು?"

"ಎರಡು," ಅಂದಳು ಧನಸರಾ.

"ದೊಡ್ಡದು?"

"ಹುಡುಗಿ. ಊರಲ್ಲಿ ಅವ್ಳೆ."

"ಅಷ್ಟು ದೂರ ಒಬ್ಬಳನ್ನೇ ಬಿಟ್ಟಿದೀಯಾ? ಯಾರು ನೋಡ್ಕೋತಾರೆ?"

ಧನಸರಾ ಕೂಸಿನ ತೊಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನರ್ಸಮ್ಮ ತಲೆಯೆತ್ತಿ ಅಂಬುಜಮ್ಮನನ್ನು ನೋಡಿದಳು.

"ಅವಳ ಅಜ್ಜಿ ಜೊತೆ ಅವ್ಳೆ ಕಣವ್ವ," ಅಂದಳು ಅಂಬುಜಮ್ಮ.

ಸೂಜಿ ತಾಗಿ ಕೂಸು ಚೀರಿತು. ಧನಸರಾ ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಬೆನ್ನು ತಟ್ಟುತ್ತ ಬಿಸಿಲಿಗೆ ಬಂದಳು.